ಅಮ್ಮನ ತಲೆಯೊಳಗಿನ ಚುಕ್ಕೆಗಳು

ಅಪ್ಪಾ,

ನಡೆಯುವಾಗ ವಾಲುತ್ತಾಳೆಂದು ಅಮ್ಮನನ್ನು ಇವತ್ತು ಶಿವಮೊಗ್ಗಕ್ಕೆ ಕರೆದೊಯ್ದು ತಲೆಯ ಸ್ಕ್ಯಾನ್ ಮಾಡಿಸಿದೆ. ಕಾಗದನಗರದ ಪೇಪರ್ ಮಿಲ್ಲಿನಲ್ಲಿ ನೀನು ಹಾಳೆಯನ್ನು ಬೆಳಕಿಗೆ ಹಿಡಿದು ಕಲೆ ಹುಡುಕುತ್ತಿದ್ದೆಯಲ್ಲ, ಡಾಕ್ಟರಮ್ಮ ಫಿಲ್ಮನ್ನು ಹಾಗೆಯೇ ಹಿಡಿದರು. ಅಮ್ಮನ ಬೈಗುಳ, ಹಾಡು, ನಿನ್ನ ನೆನಪು ಎಲ್ಲವೂ ಅಷ್ಟು ಪುಟ್ಟ ಜಾಗದಲ್ಲಿದೆಯೇ ಎಂದು ನಾನೂ ಬಗ್ಗಿ ನೋಡಿದೆ. ನಡುನಡುವೆ ಸಾಸಿವೆಯಂಥ ಕಪ್ಪು ಚುಕ್ಕೆಗಳಿದ್ದವು.

"ಸಣ್ಣ ರಕ್ತನಾಳಗಳು ಯಾವಾಗ್ಲೋ ಸೋರಿದ ಗುರುತು ಇವು. ರಕ್ತ ತೆಳು ಮಾಡೋ ಮಾತ್ರೆ ತಗೊಂಡ್ರೆ ದೊಡ್ಡದಾಗಿ ಸೋರೋ ಅಪಾಯ ಜಾಸ್ತಿ. ಅಂಥದ್ದೇನಾದ್ರೂ ತಗೊಳ್ತಿದೀರಾ?"

ಅಮ್ಮ ಸೆರಗಿನ ಗಂಟು ಬಿಚ್ಚಿ, ನೀನು ಬಿಟ್ಟುಹೋದ ಮಾತ್ರೆಗಳನ್ನು ತೆಗೆದಳು.

"ನಮ್ಮನೆಯವರದ್ದು ಮೇಡಂ. ಬಿಸಾಕೋಕೆ ಮನಸ್ಸು ಬರ್ಲಿಲ್ಲ, ದಿನಾ ಒಂದೊಂದು ನುಂಗ್ತಿದ್ದೆ."

"ಅಯ್ಯೋ ಮಾರಾಯ್ತಿ! ಇವತ್ತಿಂದ ಬೇಡ."

ಅಮ್ಮ ಮಾತ್ರೆಗಳನ್ನು ಮೇಜಿನ ಮೇಲಿಟ್ಟು, ಖಾಲಿ ಸೆರಗನ್ನು ಮತ್ತೆ ಗಂಟು ಹಾಕಿಕೊಂಡಳು.

ಭದ್ರಾವತಿಗೆ ಮರಳುವಾಗ ಬಸ್ಸಿನಲ್ಲಿ, "ನಿಮ್ಮಪ್ಪಂಗೂ ತಲೆನೋವಿತ್ತಲ್ಲೇ, ಒಂದ್ಸಲ ಹಿಂಗೆ ತೆಗೆಸಿದ್ದಿದ್ರೆ ಉಳೀತಿದ್ರೇನೋ..." ಎಂದಳು. ನಾನು ಫಿಲ್ಮಿನ ಲಕೋಟೆಯನ್ನು ಚೀಲದೊಳಗೆ ಇಳಿಸಿದೆ.

ಚುಕ್ಕೆ ಬಿದ್ದ ಹಾಳೆಗಳನ್ನು ನೀನು ನನಗೆ ಬರೆಯಲು ತರುತ್ತಿದ್ದೆ. ಉಳಿದಿದ್ದ ಒಂದರ ಮೇಲೆ ಇದನ್ನು ಬರೆಯುತ್ತಿದ್ದೇನೆ. ಅಮ್ಮ ಪಕ್ಕದಲ್ಲೇ ಮಲಗಿದ್ದಾಳೆ. ಅವಳ ಹಣೆಯ ಮೇಲೆ ಕೈಯಿಟ್ಟೆ. ಅಷ್ಟೆಲ್ಲವನ್ನೂ ಒಳಗಿಟ್ಟುಕೊಂಡು ಅದು ಬೆಚ್ಚಗಿದೆ ಅಪ್ಪ.