ಹತ್ತನೆಯ ಕೋಣೆ

ಪಾಯಿಂಟ್ ಕುಕ್, ಮೆಲ್ಬರ್ನ್
2 ಜೂನ್ 2024, ಭಾನುವಾರ

ಪ್ರೀತಿಯ ಕಮಿಲ್ಲಸ್ ಅವರಿಗೆ, ಇಡಾ ಮಾಡುವ ವಂದನೆಗಳು.

‘ಪ್ರೀತಿಯ’ ಎಂದು ಬರೆದದ್ದು ಅಭ್ಯಾಸಬಲದಿಂದ. ಅದರಿಂದ ಏನನ್ನೂ ಊಹಿಸಿಕೊಳ್ಳಬೇಡಿ. ನಾವು ಮಾತಾಡಿದ್ದು ಕೊಂಕಣಿಯಲ್ಲಿ, ಜಗಳವಾಡಿದ್ದು ಇಂಗ್ಲಿಷಿನಲ್ಲಿ, ಕಾಗದ ಬರೆದದ್ದು ಮಾತ್ರ ಯಾವಾಗಲೂ ಶಾಲೆಯಲ್ಲಿ ಕಲಿತ ಕನ್ನಡದಲ್ಲಿ. ಬೇರೆಯಾಗಿ ಎರಡು ವರ್ಷವಾದರೂ ನೀವು ಆ ಪದ್ಧತಿ ಬಿಟ್ಟಿಲ್ಲವೆಂದು ನಿಮ್ಮ ಪಾರ್ಸೆಲ್ ತೆರೆದಾಗ ತಿಳಿಯಿತು.

ನಿಮ್ಮ ಪ್ರಶ್ನೆ ಒಂದೇ ಸಾಲಿನದು. ಈ ಜನವರಿಯಲ್ಲಿ ಸಿಡ್ನಿಯಾಚೆಯ ಕಡಲತಳದಿಂದ ಎತ್ತಿದ ಕೆಸರಿನಲ್ಲಿ ನಿಮಗೆ ಏಳು ಚಿಪ್ಪುಗಳು ಸಿಕ್ಕಿವೆ. ಅವು, ನಾನು ಹೆಸರಿಟ್ಟು, ಎರಡು ಕೋಟಿ ವರ್ಷಗಳ ಹಿಂದೆಯೇ ಅಳಿದುಹೋಯಿತೆಂದು ಬರೆದ ಜೀವಿಯವೇ? ಹೌದು ಅಥವಾ ಇಲ್ಲ ಎಂದರೆ ಸಾಕು ಎಂದಿದ್ದೀರಿ. ಹೌದು ಎಂದರೆ ನಿಮ್ಮ ಲೇಖನ ಅಚ್ಚಾಗುತ್ತದೆ, ಡಿಸೆಂಬರಿಗೆ ಮುಗಿಯಲಿರುವ ನಿಮ್ಮ ಕೆಲಸ ಉಳಿಯುತ್ತದೆ. ನನ್ನ ಕೆಲಸ ಅದೇ ದಿನ ಮುಗಿಯುತ್ತದೆ. ಆ ಜೀವಿ ಕಾಣೆಯಾದ ಪದರವನ್ನೇ ಗುರುತಾಗಿಟ್ಟುಕೊಂಡು ಬಂಡೆಗಳಿಗೆ ವಯಸ್ಸು ಹೇಳುತ್ತ ಬಂದವಳು ನಾನು. ಅದು ಕಾಣೆಯಾಗಿಯೇ ಇಲ್ಲವೆಂದರೆ ಇಷ್ಟು ವರ್ಷ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು.

ತಮಾಷೆಯೆಂದರೆ, ಅಂಥದ್ದೊಂದು ಪ್ರಭೇದವೇ ಇಲ್ಲ ಎಂದು ತುಂಬಿದ ಸಭೆಯಲ್ಲಿ ಎದ್ದು ನಿಂತವರು ನೀವೇ. ಬಾಯಿಯ ಮೇಲೆ ಸಣ್ಣದೊಂದು ಮುಚ್ಚಳವಿದ್ದ ಮಾತ್ರಕ್ಕೆ ಬೇರೆ ಜೀವಿಯಾಗುವುದಿಲ್ಲ, ಇಡಾ ಹೇಳುತ್ತಿರುವುದು ಅಳಿಯ ಅಲ್ಲ ಮಗಳ ಗಂಡ ಎಂದ ಹಾಗಿದೆ ಎಂದು ಇಂಗ್ಲಿಷಿನಲ್ಲಿ ವಿವರಿಸಿ ಜನರನ್ನು ನಗಿಸಿದಿರಿ. ನಾನು ಪ್ರಭೇದಗಳನ್ನು ಬೇರೆ ಮಾಡುವವಳು, ನೀವು ಸೇರಿಸುವವರು. ಅದು ನಮ್ಮ ಕಸುಬಿನಲ್ಲಿ ಎಲ್ಲ ಕಡೆ ಇರುವ ಜಗಳ. ಆದರೆ ಹೆಂಡತಿಯನ್ನು ನಗೆಪಾಟಲು ಮಾಡಿ, ಮನೆಗೆ ಬಂದು, ಊಟಕ್ಕೇನಿದೆ ಎಂದು ಕೇಳಿದವರು ನೀವೊಬ್ಬರೇ ಇರಬೇಕು. ಆ ವಾರವೇ ನಾನು ಸಿಡ್ನಿಯ ಕ್ವೇಕರ್ಸ್ ಹಿಲ್ ಮನೆ ಬಿಟ್ಟು ಬಂದೆ.

ಈಗ ಇಲ್ಲವೇ ಇಲ್ಲ ಎಂದವರಿಂದಲೇ, ಇದೆ, ಬದುಕಿಯೂ ಇದೆ ಎಂಬ ಪಾರ್ಸೆಲ್. ಮೊದಲು ಸಿಟ್ಟು ಬಂತು, ಆಮೇಲೆ ಹೊಟ್ಟೆಕಿಚ್ಚು. ಭಯ ಬಂದದ್ದು ಕೊನೆಗೆ.

ನಡುವೆ ಕ್ಯಾರಲ್ ಫೋನ್ ಮಾಡಿದ್ದಳು, ಡ್ಯಾಡಿ ಏನು ಕಳಿಸಿದ್ದಾರೆ ಎಂದು ಕೇಳಲು. ಹುಟ್ಟಿದಾಗಿನಿಂದ ಇದೇ ಮಾತು ಕೇಳಿ ಬೆಳೆದರೂ ನಮ್ಮ ಮಗಳಿಗೆ ಫೊರಾಮಿನಿಫೆರಾ ಎಂದರೆ ಇನ್ನೂ ಕಡಲ ಧೂಳು. ಮತ್ತೊಮ್ಮೆ ಹೇಳಿದೆ. ರವೆಯ ಕಣಕ್ಕಿಂತ ಚಿಕ್ಕ ಜೀವಿ, ಒಂದೇ ಕೋಶದ್ದು, ನೀರಿನಲ್ಲಿ ತೇಲಿಕೊಂಡೇ ತನ್ನ ಸುತ್ತ ಸುಣ್ಣದ ಮನೆ ಕಟ್ಟಿಕೊಳ್ಳುತ್ತದೆ. ಬೆಳೆದಂತೆಲ್ಲ ಹಳೆಯ ಕೋಣೆಗೆ ತಾಗಿಸಿ ಇನ್ನೂ ದೊಡ್ಡದೊಂದು ಕೋಣೆ, ಸುರುಳಿ ಸುತ್ತಿಕೊಂಡು. ಸತ್ತಾಗ ಮನೆ ಕೆಳಗಿಳಿದು ಕೆಸರು ಸೇರುತ್ತದೆ, ಕೆಸರು ಬಂಡೆಯಾಗುತ್ತದೆ. ನಾವು ಆ ಖಾಲಿ ಮನೆಗಳ ಕೋಣೆ ಎಣಿಸಿ, ಬಾಗಿಲು ನೋಡಿ, ಒಳಗೆ ಯಾರಿದ್ದರು ಎಂದು ಹೇಳುವವರು. “ಸೋ ಯು ಗೈಸ್ ಆರ್ ಲೈಕ್ ರಿಯಲ್ ಎಸ್ಟೇಟ್ ಏಜೆಂಟ್ಸ್, ಮಮ್ಮಿ,” ಎಂದಳು. ನಾಲಿಗೆ ನನ್ನದೇ ಬಂದಿದೆ.

ಸಿಟ್ಟಿದ್ದರೂ ಕಸುಬಿಗೆ ಮೋಸ ಮಾಡಲಿಲ್ಲ. ಮಣ್ಣು ಸೋಸಿದ ಜರಡಿಯನ್ನು ತೊಳೆದ ಮೇಲೆ ನೀಲಿ ಬಣ್ಣದಲ್ಲಿ ಅದ್ದುತ್ತೇವಲ್ಲ, ಹಿಂದಿನ ಮಣ್ಣಿನ ಚಿಪ್ಪೇನಾದರೂ ಜರಡಿಯಲ್ಲಿ ಉಳಿದಿದ್ದರೆ ನೀಲಿಯಾಗಿ ಸಿಕ್ಕಿಬೀಳಲಿ ಎಂದು. ನಿಮ್ಮ ಅಸಡ್ಡೆ ಗೊತ್ತಿರುವುದರಿಂದ ಮೊದಲು ನೀಲಿಯನ್ನೇ ಹುಡುಕಿದೆ. ಒಂದೂ ಇರಲಿಲ್ಲ. ಹಳೆಯ ಬಂಡೆಯಿಂದ ಕೊಚ್ಚಿಕೊಂಡು ಬಂದವೇ ಎಂದು ನೋಡಿದೆ. ಹಾಗಿದ್ದರೆ ಸವೆದು ಸೀಮೆಸುಣ್ಣದಂತೆ ಮಂಕಾಗಿರಬೇಕಿತ್ತು. ಇವು ಗಾಜಿನಷ್ಟು ತಿಳಿಯಾಗಿದ್ದವು. ಒಳಗೆ ಜೀವದ್ರವ್ಯವಿದ್ದರೆ ಮಾತ್ರ ಹಿಡಿಯುವ ನಿಮ್ಮ ಗುಲಾಬಿ ಬಣ್ಣ ಏಳರಲ್ಲೂ ಕೊನೆಯ ಕೋಣೆಯವರೆಗೆ ತುಂಬಿತ್ತು. ನನ್ನ ಪ್ರಬಂಧದಲ್ಲಿ ಬರೆದಂತೆಯೇ ಒಂಬತ್ತು ಕೋಣೆ, ಬಾಯಿಯ ಮೇಲೆ ನಾನು ಹೇಳಿದ ಮುಚ್ಚಳ. ನೀವು ಅವನ್ನು ಮದ್ಯಸಾರದಲ್ಲಿ ಮುಳುಗಿಸಿ, ಒಣಗಿಸಿ ಕಳಿಸಿದ್ದೀರಿ. ಈಗ ಸತ್ತಿರಬೇಕು, ಆದರೆ ಜನವರಿಯಲ್ಲಿ ಬದುಕಿದ್ದವು.

ಉಳಿದದ್ದು ಮೂಲ ಮಾದರಿಯ ಜೊತೆ ಹೋಲಿಸಿ ನೋಡುವುದು. ಹೆಸರಿಡುವಾಗ ಒಂದೇ ಒಂದು ಚಿಪ್ಪನ್ನು ‘ಇದೇ ಅದು’ ಎಂದು ತೆಗೆದಿಡುತ್ತೇವೆ. ಮುಂದೆ ಯಾರಿಗೆ ಸಂದೇಹ ಬಂದರೂ ಅದೇ ಸಾಕ್ಷಿ. ನನ್ನದು ಟಾರ್ಕಿಯ ಕಡಲಂಚಿನ ಬಂಡೆಯಿಂದ ಬಂದದ್ದು. ಅವತ್ತು ಸುತ್ತಿಗೆ ಹಿಡಿದವರು ನೀವು, ಗಾಳಿಗೆ ನನ್ನ ಟೋಪಿ ಹಾರಿದಾಗ ನೀರಿಗಿಳಿದು ತಂದುಕೊಟ್ಟವರೂ ನೀವು. ಆ ಚಿಪ್ಪು ಇಲ್ಲಿ ನಾನು ಕೆಲಸ ಮಾಡುವ ಸಂಗ್ರಹಾಲಯದ ಬೀರುವಿನಲ್ಲಿ, ಗಾಜಿನಡಿ, ಅಂಟಿನಲ್ಲಿ ಕೂತಿದೆ. ಬೀಗದ ಕೈ ನನ್ನೊಬ್ಬಳ ಹತ್ತಿರವೇ ಇರುವುದು. ತೆರೆದು ಎಣಿಸಿದೆ. ಹತ್ತು ಕೋಣೆಗಳಿದ್ದವು.

ಕಣ್ಣಿಗೆ ಆಯಾಸವಾಗಿದೆ ಎಂದುಕೊಂಡೆ. ಕ್ಯಾಮೆರಾ ನೋಡಿಕೊಳ್ಳುವ ಕೃಪಾ ಎಂಬ ಹಾಸನದ ಹುಡುಗಿಯನ್ನು ಕರೆದು ಫೋಟೋ ತೆಗೆಸಿದೆ. ಅವಳು ನನ್ನ ಪ್ರಬಂಧದ ಹಳೆಯ ಫೋಟೋವನ್ನು ತೆರೆಯ ಮೇಲೆ ಅದಕ್ಕೆ ಹೊಂದಿಸಿದಳು. “ಆಂಟಿ, ಒಂಬತ್ತೂ ಕರೆಕ್ಟಾಗಿ ಮ್ಯಾಚ್ ಆಗ್ತಿದೆ. ಈ ಲಾಸ್ಟ್ ಒಂದು ಮಾತ್ರ ಎಕ್ಸ್‌ಟ್ರಾ. ಹಳೇ ಫೋಟೋ ಕ್ರಾಪ್ ಆಗಿರ್ಬೇಕು ಅಲ್ವಾ?” ಎಂದಳು. ಹೌದು ಎಂದೆ. ಆ ಫೋಟೋ ಕ್ರಾಪ್ ಆಗಿಲ್ಲವೆಂದು ನಿಮಗೂ ಗೊತ್ತು, ನೀವೇ ತೆಗೆದದ್ದು.

ಹತ್ತನೆಯ ಕೋಣೆ ಮುಚ್ಚಳದ ಮೇಲೆಯೇ ಎದ್ದಿತ್ತು. ಗೋಡೆ ಇನ್ನೂ ಎಳೆಯದು, ಬೆಳಕು ಹಾಯುತ್ತಿತ್ತು. ಸುತ್ತಲಿನ ಅಂಟು ಬಿರಿದಿತ್ತು. ನೀರಿನ ಪಸೆಯೂ ಇಲ್ಲದ ಬೀರುವಿನೊಳಗೆ ಕಟ್ಟುವುದಕ್ಕೆ ಸುಣ್ಣ ಎಲ್ಲಿಂದ ಬಂತು ಎಂಬುದು ನನಗೆ ಹೊಳೆಯಲಿಲ್ಲ. ಆಮೇಲೆ ಅದೇ ಗಾಜಿನಡಿ ಜೊತೆಗಿಟ್ಟಿದ್ದ ಇನ್ನೆರಡು ಚಿಪ್ಪುಗಳನ್ನು ನೋಡಿದೆ. ಅವುಗಳ ಗೋಡೆಗಳು ಕರಗಿ ಜರಡಿಯಂತಾಗಿದ್ದವು. ಅವತ್ತು ಬೀರುವಿಗೆ ಬೀಗ ಹಾಕುವಾಗ ನಾನು ಶಿಲುಬೆಯ ಗುರುತು ಮಾಡಿಕೊಂಡೆ, ನಗಬೇಡಿ.

ಆದ್ದರಿಂದ ನನ್ನ ಉತ್ತರ ‘ಇಲ್ಲ’. ಇವು ನನ್ನ ಪ್ರಭೇದವಲ್ಲ, ಹತ್ತಿರದ ಸಂಬಂಧಿ ಎಂದಷ್ಟೇ ಬರೆದು ಕೊಡುತ್ತೇನೆ. ಇಷ್ಟೆಲ್ಲ ಓದಿದ ಮೇಲೆ ನೀವು ನಂಬುವುದಿಲ್ಲ, ನಂಬಲೂ ಬೇಡಿ. ಆದರೆ ಅಚ್ಚಿಗೆ ಬೇಕಾದದ್ದು ನನ್ನ ಸಹಿ, ಅದು ನಿಮಗೆ ಸಿಗುವುದಿಲ್ಲ. ಹೊಟ್ಟೆಕಿಚ್ಚು ಎನ್ನಿ, ಅರ್ಧ ನಿಜ. ಇನ್ನರ್ಧ ಹೇಳುತ್ತೇನೆ. ನೀವು ಪ್ರಕಟಿಸಿದರೆ ಎಲ್ಲೆಲ್ಲಿ ಇಂಥ ಚಿಪ್ಪುಗಳಿವೆಯೋ ಅಲ್ಲೆಲ್ಲ ಬೀರು ತೆರೆದು ಎಣಿಸುತ್ತಾರೆ. ಅವರಿಗೆ ಎಷ್ಟು ಕೋಣೆ ಸಿಗುತ್ತವೆಂದು ತಿಳಿಯುವ ಧೈರ್ಯ ನನಗಿಲ್ಲ. ನಿಮ್ಮ ಏಳು ಚಿಪ್ಪುಗಳನ್ನು ಹಿಂತಿರುಗಿಸಲಾರೆ, ಪರೀಕ್ಷೆಯಲ್ಲಿ ಹಾಳಾದವು. ನಿಮ್ಮ ಕೆಲಸ ಹೋಗುವುದಕ್ಕೆ ನಾನು ಕಾರಣಳಾಗುತ್ತಿದ್ದೇನೆ, ಕ್ಷಮಿಸಿ.

ಅಲ್ಲೂ ಚಳಿ ಶುರುವಾಗಿರಬೇಕು. ನಿಮ್ಮ ಎದೆ ಮೊದಲೇ ನಾಜೂಕು, ಬೆಚ್ಚಗೆ ಹಾಕಿಕೊಳ್ಳಿ.

ಇಂತಿ, ಇನ್ನೂ ನಿಮ್ಮ ಮನೆತನದ ಹೆಸರನ್ನೇ ಬರೆಯುತ್ತಿರುವ,
ಇಡಾ

ತಾ.ಕ.: ಬುಧವಾರ. ಕಾಗದ ಇನ್ನೂ ನನ್ನ ಬ್ಯಾಗಿನಲ್ಲೇ ಇದೆ. ಚಿಪ್ಪುಗಳು ಪರೀಕ್ಷೆಯಲ್ಲಿ ಹಾಳಾಗಲಿಲ್ಲ. ಭಾನುವಾರ ಚರ್ಚಿನಲ್ಲಿ ಪೂಜೆ ಮುಗಿಸಿ ಬಂದು, ಹಂದಿ ಮಾಂಸದ ಅಡುಗೆಗೆಂದು ತಂದಿಟ್ಟಿದ್ದ ವಿನೆಗರನ್ನು ಗಾಜಿನ ಬಟ್ಟಲಿಗೆ ಸುರಿದು ಏಳನ್ನೂ ಅದರಲ್ಲಿ ಹಾಕಿದೆ, ಬೀರುವಿನಿಂದ ತಂದಿದ್ದ ನನ್ನ ಮೂಲ ಮಾದರಿಯನ್ನೂ. ಸುಣ್ಣ ನೊರೆಯೆದ್ದು ಕರಗತೊಡಗಿತು. ಮೇಲೊಂದು ತಟ್ಟೆ ಮುಚ್ಚಿ ನಿಮಗೆ ಕಾಗದ ಬರೆಯಲು ಕೂತೆ. ಬರೆದು ಮುಗಿಸಿ ಲೆನ್ಸ್ ಹಿಡಿದು ನೋಡಿದರೆ ಮನೆಗಳು ಹೋಗಿದ್ದವು, ಒಳಗಿದ್ದವು ಉಳಿದಿದ್ದವು. ಏಳು ಗುಲಾಬಿ ಚುಕ್ಕೆ, ಬಣ್ಣವಿಲ್ಲದ್ದು ಒಂದು. ಒಂದರ ಕಡೆಗೊಂದು ಸರಿಯುತ್ತಿದ್ದವು. ಸಿಂಕಿಗೆ ಚೆಲ್ಲಲು ಕೈ ಬರಲಿಲ್ಲ. ಅಲ್ಲಿಂದ ಅವು ಹೋಗುವುದು ಕಡಲಿಗೇ. ಅಷ್ಟಾದರೂ ಬದುಕಿದ್ದನ್ನು ಕೊಲ್ಲಲು ಮನಸ್ಸಾಗದೆ ವಿನೆಗರ್ ತೆಗೆದು ಉಪ್ಪುನೀರು ಹಾಕಿಟ್ಟೆ. ಮಾರನೆಯ ದಿನ ಎಂಟೂ ಸೇರಿ ಒಂದೇ ಕೋಣೆ ಕಟ್ಟಿದ್ದವು. ಇವತ್ತು ನೋಡುತ್ತೇನೆ, ಬಟ್ಟಲಿನ ಪಕ್ಕದ ಟ್ರೇಯಲ್ಲಿರುವ ಮೊಟ್ಟೆಗಳ ಮೇಲೆ ಚಿಪ್ಪಿಲ್ಲ, ಒಳಗಿನ ಪೊರೆ ಮಾತ್ರ ಇದೆ. ಬೆಳಿಗ್ಗೆಯಿಂದ ನನ್ನ ಹಲ್ಲುಗಳು ಜುಮ್ಮೆನ್ನುತ್ತಿವೆ.

ಇದನ್ನು ಇನ್ನು ನನ್ನೊಬ್ಬಳಿಂದ ಮುಚ್ಚಿಡಲಾಗದು. ನಿಮ್ಮ ಪ್ರಶ್ನೆಗೆ ಉತ್ತರ ಹೌದು. ಸಹಿ ಹಾಕಿ ಕಳಿಸುತ್ತಿದ್ದೇನೆ, ಅಚ್ಚು ಹಾಕಿಸಿ. ಈ ಮನೆಯಲ್ಲಿ ಒಬ್ಬಳೇ ಇರಲು ನನಗೆ ಹೆದರಿಕೆಯಾಗುತ್ತಿದೆ, ಬನ್ನಿ. ಮೈಕ್ರೋಸ್ಕೋಪ್ ತರುವುದು ಬೇಡ. ಈಗ ಬರಿಗಣ್ಣಿಗೇ ಕಾಣುತ್ತದೆ.