ವೇಳಾಪಟ್ಟಿಯಲ್ಲಿಲ್ಲದ ಗಾಡಿ

ಅಕ್ಕಾ,

ಅಂತೂ ನನ್ನ ಸಂಬಳಕ್ಕೆ ಎಟಕುವ ಬಾಡಿಗೆ ಮನೆ ಸಿಕ್ಕಿತು. ಒಂದು ಕೋಣೆ, ಅಡುಗೆಮನೆ, ಕಿಟಕಿಯಾಚೆಗೇ ರೈಲು ಹಳಿ. ಟಿಕೆಟ್ ಕೌಂಟರಿನಲ್ಲಿ ಕೂರುವ ಜಾಣೆ ನಾನು, ವೇಳಾಪಟ್ಟಿ ನೋಡಿ, ಈ ಹಳಿಯ ಮೇಲೆ ದಿನಕ್ಕೆ ನಾಲ್ಕೇ ಗಾಡಿ ಎಂದು ಖಾತ್ರಿ ಮಾಡಿಕೊಂಡೇ ಒಪ್ಪಿದೆ. ಗೂಡ್ಸ್ ಗಾಡಿಗಳನ್ನು ಅದರಲ್ಲಿ ಹಾಕುವುದಿಲ್ಲ ಎಂಬುದು ನೆನಪಾದದ್ದು, ಮೊದಲ ದಿನ ಮಂಚ ನಡುಗುತ್ತಾ ಗೋಡೆ ಬಿಟ್ಟು ಸರಿದಾಗ. ಮನೆಯೊಡತಿ ಅಜ್ಜಿ ನಕ್ಕುಬಿಟ್ಟರು: "ಎರಡು ವಾರ ತಡ್ಕೊಳಮ್ಮ, ಆಮೇಲೆ ಕಿವಿಗೇ ಬೀಳಲ್ಲ."

ಮಗಳನ್ನು ನಿನ್ನ ಬಳಿ ಬಿಡುವಂತೆ ಮಾಡಿದ ನನ್ನ ಕೆಮ್ಮು ವಾಸಿಯಾಗಿದೆ. ಆದರೆ ಭಾನುವಾರ ನನ್ನ ಪುಟ್ಟಿಯನ್ನು ಕರೆತರುತ್ತೇನೆ ಎಂದಿದ್ದೆಯಲ್ಲ, ಸ್ವಲ್ಪ ತಡೆ. ಚಮಚ ಬಿದ್ದರೂ ಬೆಚ್ಚುವ ಕೂಸು ಇಲ್ಲಿ ಹೇಗೆ ಮಲಗೀತು ಎಂಬುದು ಮೊದಲಿದ್ದ ಹೆದರಿಕೆ. ಈಗಿನದು ಬೇರೆ. ಇಲ್ಲಿಗೆ ಬಂದು ಎರಡು ವಾರ ತುಂಬಿತು, ಇವತ್ತು ಬೆಳಗ್ಗೆ ಒಲೆಯ ಮುಂದೆ ನಿಂತಿದ್ದೆ. ಗೂಡ್ಸ್ ಹೋದದ್ದೂ ತಿಳಿಯಲಿಲ್ಲ, ಅಜ್ಜಿ ಬಾಗಿಲು ಬಡಿದದ್ದೂ ತಿಳಿಯಲಿಲ್ಲ. ಕೊನೆಗೆ ಒಳಗೇ ಬಂದು, "ನೋಡಿದ್ಯಾ, ನಾನು ಹೇಳಿರ್ಲಿಲ್ವಾ!" ಎಂದು ಹಿಗ್ಗಿದರು.

ಕಾರ್ಡಿನಲ್ಲಿ ಜಾಗ ಮುಗಿಯಿತು, ಇದೊಂದಕ್ಕೆ ಕೂಡಲೇ ಬರಿ. ಪುಟ್ಟಿ ಅತ್ತರೆ ನನಗೆ ಕೇಳಿಸುತ್ತದೆ, ಅಲ್ಲವಾ?

ನಿನ್ನ ತಂಗಿ