ಹದಿನಾಲ್ಕನೆಯ ಹಾಸಿಗೆಯ ಹಜರಾಬಿ

ಆಳಂದ
9 ಡಿಸೆಂಬರ್ 2024, ಸೋಮವಾರ

ಜೇವರ್ಗಿಯಲ್ಲಿರುವ ನನ್ನ ಜೀವವೇ, ತಂಗಿ ವಿದ್ಯಾವತಿ,

ಹೇಗಿದ್ದೀಯ? ಮೊಣಕಾಲು ಈಗ ಮಾತು ಕೇಳುತ್ತಿದೆಯೋ, ಇಲ್ಲ ಅದೂ ನಿನ್ನ ಹಾಗೆ ಹಟಕ್ಕೆ ಬಿದ್ದಿದೆಯೋ? ಡಾಕ್ಟರು ಕೊಟ್ಟ ಎಣ್ಣೆಯನ್ನು ದಿನಾ ಹಚ್ಚು, ಮುಗಿದುಹೋಗುತ್ತದೆ ಅಂತ ಕಪಾಟಿನಲ್ಲಿ ಕಾಯ್ದಿಡಬೇಡ. ಶಾಂತಕುಮಾರ, ಸೊಸೆ, ಮೊಮ್ಮಕ್ಕಳು ಆರಾಮಿದ್ದಾರೆ ಅಂದುಕೊಂಡಿದ್ದೇನೆ. ನನಗೆ ಸಕ್ಕರೆ ಏರಿದೆ, ಅಕ್ಕರೆ ಇಳಿದಿದೆ. ಹಲ್ಲು ಮೂರು ಉಳಿದಿವೆ. ಮೂರೂ ನಮ್ಮ ಅಣ್ಣತಮ್ಮಕಿಯವರ ಹಾಗೆ ಒಂದರ ಮುಖ ಒಂದು ನೋಡುವುದಿಲ್ಲ.

ಫೋನು ಬಿಟ್ಟು ಪತ್ರ ಯಾಕೆ ಅನ್ನುತ್ತೀಯ. ನಾನು ಅವ್ವನ ಮಾತು ತೆಗೆದ ಕೂಡಲೇ ನೀನು ‘ಅಣ್ಣಾ, ಕುಕ್ಕರ್ ಸೀಟಿ ಹೊಡ್ಯಾಕತ್ತದ, ಇಡ್ತೇನಿ’ ಅನ್ನುತ್ತೀಯ. ಹೋದ ವಾರ ಮೂರು ಸಲ ಮಾಡಿದೆ, ಮೂರು ಸಲವೂ ಕುಕ್ಕರ್. ಅಷ್ಟು ಬೇಳೆ ಬೇಯಿಸಿ ಯಾರಿಗೆ ಬಡಿಸುತ್ತೀಯೋ ತಿಳಿಯದು. ಪತ್ರಕ್ಕೆ ಸೀಟಿ ಕೇಳಿಸುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಅವ್ವನ ನಿಜವಾದ ಹೆಸರನ್ನು ಒಂದು ಪುಸ್ತಕದಲ್ಲಿ ಬರೆಸಬೇಕೋ ಬೇಡವೋ ಅನ್ನುವುದೇ ವಿಷಯ.

ಅಫಜಲಪುರದ ಹೊರಗಿನ ನಮ್ಮ ದವಾಖಾನಿಯನ್ನು ಕೆಡವುತ್ತಿದ್ದಾರೆ. ಮೂವತ್ತೈದು ವರ್ಷ ನಾನು ವಾರ್ಡಿನ ಕೆಲಸ ಮಾಡಿದ್ದು, ಹದಿನೈದು ವರ್ಷದಿಂದ ಬೀಗ ಬಿದ್ದದ್ದು, ಮಂದಿ ಹುಚ್ಚರ ದವಾಖಾನಿ ಅನ್ನುತ್ತಿದ್ದದ್ದು, ಅದೇ. ಗಂಡಸರ ವಾರ್ಡು ಮುಗಿಯಿತು. ಹೆಂಗಸರ ವಾರ್ಡು ಬರುವ ವಾರ. ಅಲ್ಲಿ ನನ್ನ ಜೊತೆ ಆಯಾ ಆಗಿದ್ದ ಗೌಸಿಯಾಬೇಗಂ ಇನ್ನೂ ಗಟ್ಟಿಯಾಗಿದ್ದಾಳೆ, ಅವಳ ಮನೆ ಅಲ್ಲೇ ಹತ್ತಿರ. ಹಳೆಯ ನೌಕರರು ಅಂತ ಉಳಿದವರು ನಾವಿಬ್ಬರೇ. ಯಂತ್ರ ಬಂದ ದಿನ ಅವಳಿಗೆ ‘ನಿನ್ನ ತಂಗಿ ಜೇಸೀಬಿ ಬಂದಾಳ ನೋಡಬೇ’ ಎಂದೆ. ‘ಬಂದಾಳ ಭಾಯ್, ಹೊಟ್ಟಿ ಭಾಳ ಹಸದಾದ ಆಕಿದು, ಗ್ವಾಡಿ ತಿನ್ನಾಕತ್ತಾಳ’ ಎಂದಳು. ಇಬ್ಬರೂ ನಗಲಿಲ್ಲ. ಗೋಡೆ ಬೀಳುವುದನ್ನು ಸಂಜೆಯವರೆಗೆ ನೋಡಿದೆವು. ಕೆಟ್ಟದ್ದೂ ಅನ್ನಿಸಲಿಲ್ಲ, ಒಳ್ಳೆಯದೂ ಅನ್ನಿಸಲಿಲ್ಲ.

ಕಡಗಂಚಿಯ ವಿಶ್ವವಿದ್ಯಾಲಯದಿಂದ ಭಾಗ್ಯಜ್ಯೋತಿ ಎಂಬ ಹುಡುಗಿ ಬರುತ್ತಾಳೆ. ಮುಖಕ್ಕೆ ಓಢಣಿ ಕಟ್ಟಿಕೊಂಡು ಆ ಧೂಳಿನಲ್ಲಿ ಕೂತು ಹಳೆಯ ಕಾಗದ, ಊಟದ ತಾಟು, ಕಿಟಕಿಯ ಸರಳು, ಎಲ್ಲ ಆರಿಸಿ ಇಡುತ್ತಾಳೆ. ಅಲ್ಲಿದ್ದವರ ಹೆಸರಿನ ಪುಸ್ತಕ ಮಾಡುತ್ತಾಳಂತೆ. ಕಟ್ಟಡ ಮಣ್ಣಾದರೂ ಅವರು ಮಣ್ಣಾಗಬಾರದು ಅಂತ. ನಿಜವಾದ ಹೆಸರು ಹಾಕುವುದಕ್ಕೆ ಮನೆಯವರ ಪೈಕಿ ಒಬ್ಬರ ಸಹಿ ಬೇಕು. ಪಾಪ, ದಾಖಲೆಯ ಹೆಸರು ಹಿಡಿದು ಹಳ್ಳಿಹಳ್ಳಿ ತಿರುಗಿದ್ದಾಳೆ. ಎಲ್ಲಿ ಹೋದರೂ ‘ಅಂಥಾಕಿ ನಮ್ಮಲ್ಲಿ ಯಾರೂ ಇದ್ದಿಲ್ರಿ’ ಅಂದರಂತೆ. ‘ಅಜ್ಜಾರ, ಇಷ್ಟು ಮಂದಿ ಹೆಣ್ಮಕ್ಕಳು ಆಕಾಶದಿಂದ ಉದುರಿದ್ರೇನ್ರಿ?’ ಎಂದು ನನ್ನನ್ನು ಕೇಳಿದಳು. ಉತ್ತರ ಗೊತ್ತಿದ್ದೂ ಬಾಯಿ ಬಿಡಲು ಎರಡು ದಿನ ತೆಗೆದುಕೊಂಡೆ. ಮನೆಯಲ್ಲಿ ತಲೆ ಕೆಟ್ಟವರಿದ್ದಾರೆ ಅಂತ ಗೊತ್ತಾದರೆ ಹೆಣ್ಣು ಕೊಡುವುದು, ತರುವುದು ನಿಲ್ಲುತ್ತಿತ್ತು. ಅದಕ್ಕೇ ಗುಮಾಸ್ತ ಪೆನ್ನು ಎತ್ತಿದಾಗ ಬಾಯಿಗೆ ಬಂದ ಹೆಸರು, ಬಾಯಿಗೆ ಬಂದ ಊರು. ನೌಕರಿಗೆ ಸೇರಿದ ಮೇಲೆ ನಾನೇ ಎಷ್ಟೋ ಜನಕ್ಕೆ ಹೆಸರು ಹೊಂದಿಸಿ ಕೊಟ್ಟೆ. ‘ಹೆಸರಿನ ದುಕಾನ’ ಅಂತ ನನ್ನನ್ನು ಕರೆಯುತ್ತಿದ್ದರು. ಆಗ ಅದು ದೊಡ್ಡ ಚೇಷ್ಟೆ ಅನ್ನಿಸುತ್ತಿತ್ತು.

ಅವ್ವನ ಹೆಸರು ಹೇಗಾಯಿತು ಅನ್ನುವುದು ನಿನಗೆ ಗೊತ್ತಿಲ್ಲ. 1974ರಲ್ಲಿ ಜೇವರ್ಗಿಯವರು ನಿನ್ನನ್ನು ನೋಡಲು ಬರುವ ಮುಂಚಿನ ವಾರ ನಾನು ಅವಳನ್ನು ಅದೇ ದವಾಖಾನಿಗೆ ಸೇರಿಸಲು ಕರೆದುಕೊಂಡು ಹೋದೆ. ತಾಯಿಯಿಲ್ಲದ ಹುಡುಗಿ ಎಂದು ಹೇಳಿಯೇ ಅಪ್ಪ ಆ ಸಂಬಂಧ ಕುದುರಿಸಿದ್ದ. ನಮ್ಮೂರು ಹಿರೋಳ್ಳಿಯ ಮಂದಿ ನಿನ್ನ ಮುಖ ನೋಡಿ ಬಾಯಿ ಮುಚ್ಚಿಕೊಂಡರು. ದವಾಖಾನಿಯ ಸಾಲಿನಲ್ಲಿ ನಮ್ಮ ಹಿಂದೆ ಒಬ್ಬ ಜೇವರ್ಗಿಯವನು ನಿಂತಿದ್ದ. ನಿನ್ನ ಮಾವನ ಮನೆಯ ಪಕ್ಕದ ಓಣಿಯವನಂತೆ, ಅವನೇ ಮಾತಿಗೆ ಮಾತು ಬಂದು ಹೇಳಿದ. ನಮ್ಮ ಹೆಸರು ಅವನ ಕಿವಿಗೆ ಬೀಳಬಾರದಿತ್ತು. ಅವ್ವನ ಹಣೆಯ ವಿಭೂತಿಯನ್ನು ಹೆಬ್ಬೆರಳಿನಿಂದ ಒರೆಸಿದೆ. ಕೊರಳಿನ ಲಿಂಗ ಬಿಚ್ಚಿ ಜೇಬಿಗೆ ಹಾಕಿಕೊಂಡೆ. ಗುಮಾಸ್ತ ಹೆಸರು ಕೇಳಿದಾಗ ಹಜರಾಬಿ, ಹಿಂದೆ ಮುಂದೆ ಯಾರೂ ಇಲ್ಲ ಎಂದೆ. ನಮ್ಮ ಮನೆಗೆ ಬಳೆ ಇಡಿಸಲು ಬರುತ್ತಿದ್ದಾಕೆಯ ಹೆಸರು, ಬೇರೆ ಯಾವುದೂ ನೆನಪಾಗಲಿಲ್ಲ. ಗುಮಾಸ್ತನಿಗೆ ಸಂಶಯ ಬಂದು ಅವ್ವನನ್ನೇ ಕೇಳಿದ. ಅವಳು ನನ್ನ ಮುಖ ನೋಡಿದಳು. ‘ಇಂವ ಅಂದಮ್ಯಾಗ ಹೌದ್ರಿ’ ಎಂದಳು.

ಆರು ತಿಂಗಳಿಗೆ ನಾನು ಅಲ್ಲೇ ನೌಕರಿ ಹಿಡಿದೆ. ಹೆಸರು ತಿದ್ದಿಸಿದರೆ ನನ್ನ ಸುಳ್ಳು ಬಯಲಾಗಿ ನೌಕರಿ ಹೋಗುತ್ತದೆ, ನೌಕರಿ ಹೋದರೆ ಅವ್ವ ಒಬ್ಬಳೇ ಆಗುತ್ತಾಳೆ. ಹಾಗಾಗಿ ಹನ್ನೆರಡು ವರ್ಷ ಅವಳನ್ನು ಹಜರಾಬಿ ಎಂದೇ ಕರೆದೆ. ಮಾತ್ರೆ ಕೊಡುವಾಗ ‘ಮಾತ್ರೆ ನುಂಗ್ರಿ, ಮಾತು ನುಂಗಬ್ಯಾಡ್ರಿ’ ಅಂತ ಏನಾದರೂ ಅಂದು ವಾರ್ಡು ನಗಿಸುತ್ತಿದ್ದೆ. ಹದಿನಾಲ್ಕನೆಯ ಹಾಸಿಗೆಯಲ್ಲಿ ಅವಳು ನಗುತ್ತಿರಲಿಲ್ಲ. ಮಾತ್ರೆ ನುಂಗಿ ‘ಊಟ ಆಯ್ತೇನಪಾ?’ ಎಂದು ಕೇಳುತ್ತಿದ್ದಳು. ಅದನ್ನು ಎಲ್ಲ ನೌಕರರಿಗೂ ಕೇಳುತ್ತಿದ್ದಳು. ನನ್ನನ್ನು ಉಳಿಸಲು ಎಲ್ಲರನ್ನೂ ಕೇಳುತ್ತಿದ್ದಳೋ, ತಿಳಿಯದೆ ಕೇಳುತ್ತಿದ್ದಳೋ, ಇವತ್ತಿಗೂ ನನಗೆ ಗೊತ್ತಿಲ್ಲ.

1986ರಲ್ಲಿ ಅವಳು ಹೋದಾಗ, ಎಲ್ಲ ಪದ್ಧತಿ ಪ್ರಕಾರ ಆಯಿತು ಅಂತ ನಿನಗೆ ಬರೆದಿದ್ದೆ. ಪದ್ಧತಿ ಪ್ರಕಾರವೇ ಆಯಿತು. ನಮ್ಮ ಪದ್ಧತಿ ಅಲ್ಲ, ಅಷ್ಟೇ. ಕಾಗದದಲ್ಲಿ ಹಜರಾಬಿ ಎಂದಿತ್ತಲ್ಲ, ಹಿಂದೆ ಮುಂದೆ ಯಾರೂ ಇಲ್ಲದ ಹೆಣ್ಣುಮಗಳು ಅಂತ ಊರಿನ ಮುಸಲ್ಮಾನರು ಬಂದರು. ಗೌಸಿಯಾಬೇಗಂ ಮೈ ತೊಳೆದು ಕಫನ್ ಉಡಿಸಿದಳು. ನಮ್ಮಲ್ಲಿ ಕೂಡಿಸಿ ಮಣ್ಣು ಕೊಡುತ್ತಾರೆ, ಅಂಗೈಯಲ್ಲಿ ಲಿಂಗ ಇಟ್ಟು. ಅವ್ವನನ್ನು ಖಬರಸ್ತಾನದಲ್ಲಿ ಮಲಗಿಸಿದರು. ನಾನು ಹಿಂದಿನ ಸಾಲಿನಲ್ಲಿ ನಿಂತಿದ್ದು, ಎಲ್ಲರ ಹಾಗೆ ಮೂರು ಹಿಡಿ ಮಣ್ಣು ಹಾಕಿ ಡ್ಯೂಟಿಗೆ ಹೋದೆ. ಒಂದೇ ಒಂದು ಕಳ್ಳತನ ಮಾಡಿದ್ದೆ. ತೊಳೆಯುವವರು ಬರುವ ಮುಂಚೆ, ಅವಳ ಲಿಂಗವನ್ನು ಅವಳ ಎಡಗೈಯಲ್ಲಿಟ್ಟು ಬೆರಳು ಮಡಿಸಿದ್ದೆ. ತೊಳೆಯುವಾಗ ಎಲ್ಲೋ ಬಿದ್ದುಹೋಗಿರಬೇಕು ಅಂದುಕೊಂಡು ಮೂವತ್ತೆಂಟು ವರ್ಷ ಕಳೆದೆ.

ಹೋದ ಗುರುವಾರ ಬೇವಿನ ಮರದ ಕೆಳಗೆ ಕೂತು ಆ ಹುಡುಗಿಗೆ ಇದನ್ನೆಲ್ಲ ಹೇಳಿದೆ. ಗೌಸಿಯಾಬೇಗಂ ಪಕ್ಕದಲ್ಲೇ ಎಲೆಗೆ ಸುಣ್ಣ ಹಚ್ಚುತ್ತಿದ್ದಳು. ತಲೆ ಎತ್ತದೆ ಅಂದಳು, ‘ಭಾಯ್, ನನಗ ಅವತ್ತೇ ಗೊತ್ತಾಗಿತ್ತು. ಮುಷ್ಟಿ ತೆರದು ತೊಳದಾಕಿ ನಾ, ತಿರುಗಿ ಮುಚ್ಚಿದಾಕಿನೂ ನಾ. ಆಕಿದು ಆಕಿ ಕೈಯಾಗ ಇರ್ಲಿ ಅಂದೆ. ನೀ ಹೇಳಲಿಲ್ಲ, ನಾ ಕೇಳಲಿಲ್ಲ.’ ಹುಡುಗಿ ಅತ್ತಳು. ನನಗೆ ಅಳು ಬರಲಿಲ್ಲ, ವಿದ್ಯಾ. ಯಂತ್ರದ ಸದ್ದು ನಿಂತ ಕೂಡಲೇ ಕಿವಿ ಖಾಲಿ ಆಗುತ್ತದಲ್ಲ, ಹಾಗೆ ಇತ್ತು. ಚಹಾ ತರಿಸಿದರು, ಕುಡಿದೆ. ಸಕ್ಕರೆ ಹಾಕಿದ್ದರೋ ಇಲ್ಲವೋ ಗೊತ್ತಾಗಲಿಲ್ಲ.

ಈಗ ಹೇಳು. ಆ ಪುಸ್ತಕದಲ್ಲಿ ಹಜರಾಬಿ ಅಂತಲೇ ಬಿಡಲೋ, ಗಂಗಾಬಾಯಿ, ಹಿರೋಳ್ಳಿ ಅಂತ ಬರೆಸಲೋ? ಬರೆಸಿದರೆ ಶಾಂತಕುಮಾರನ ಕಣ್ಣಿಗೆ ಬಿದ್ದೇ ಬೀಳುತ್ತದೆ. ಭಾವನವರು ಏನೂ ತಿಳಿಯದೆ ಹೋದರು, ಮಗ ಬಿಡುವುದಿಲ್ಲ. ‘ನೀ ಸಣ್ಣಾಕಿ ಇದ್ದಾಗ್ಲೇ ಅಜ್ಜಿ ಸತ್ಲು ಅಂದಿದ್ದೆಲ್ಲ’ ಎಂದು ಕೇಳುತ್ತಾನೆ. ಐವತ್ತು ವರ್ಷ ಆ ಮನೆಯಲ್ಲಿ ನೀನು ಮುಚ್ಚಿಟ್ಟದ್ದನ್ನು ಈ ವಯಸ್ಸಿನಲ್ಲಿ ತೆರೆ ಅನ್ನಲು ನನಗೆ ಯಾವ ಮುಖವಿದೆ. ಬರೆಸದಿದ್ದರೆ, ಅವ್ವ ಅಲ್ಲಿದ್ದಳು ಅನ್ನುವುದಕ್ಕೆ ಈ ಭೂಮಿಯ ಮೇಲೆ ಒಂದು ಅಕ್ಷರವೂ ಇರುವುದಿಲ್ಲ. ಯೋಚನೆ ಮಾಡು. ಕುಕ್ಕರ್ ಇಳಿಸಿ ಯೋಚನೆ ಮಾಡು.

ಸೊಸೆಗೂ ಮೊಮ್ಮಕ್ಕಳಿಗೂ ಈ ಬೊಚ್ಚುಬಾಯಿ ಅಜ್ಜನ ಆಶೀರ್ವಾದ. ಅವರ ಹಲ್ಲು ಗಟ್ಟಿಯಿರಲಿ. ನಿನ್ನ ಮೊಣಕಾಲು ಮಡಚುವಂತಾಗಲಿ.

ನಿನ್ನ ಅಣ್ಣ,
ಕಲ್ಲಿನಾಥ
(ನಾಥ ಉದುರಿದ್ದಾನೆ, ಕಲ್ಲು ಉಳಿದಿದೆ)

ತಾ.ಕ.: ಟಪಾಲು ಒಯ್ಯುವ ಹೊತ್ತಾಯಿತು, ಗಡಬಡಿಯಲ್ಲಿ ಬರೆಯುತ್ತಿದ್ದೇನೆ. ಕೇಳಿದ್ದು ಸುಮ್ಮನೆ, ವಿದ್ಯಾ. ಗುರುವಾರವೇ ಸಹಿ ಹಾಕಿಬಿಟ್ಟೆ. ಗಂಗಾಬಾಯಿ, ಹಿರೋಳ್ಳಿ ಎಂದು ಬರೆದಾಗಿದೆ. ಕೆಳಗೆ ಹಜರಾಬಿ ಅಂತಲೂ ಇದೆ, ಗೌಸಿಯಾಬೇಗಂ ಅದನ್ನು ತೆಗೆಯಲು ಬಿಡಲಿಲ್ಲ. ನನ್ನ ಹೇಳಿಕೆಯಲ್ಲಿ, ತಾಯಿ ಸತ್ತಳೆಂದು ತಂಗಿಯನ್ನೂ ನಾನೇ ನಂಬಿಸಿದ್ದೆ, ಅವಳಿಗೆ ಏನೂ ಗೊತ್ತಿಲ್ಲ ಅಂತ ಬರೆಸಿದ್ದೇನೆ. ಶಾಂತಕುಮಾರ ಕೇಳಿದರೆ ‘ನಿಮ್ಮ ಮಾಮಾ ನನಗೂ ಸುಳ್ಳ ಹೇಳ್ಯಾನ’ ಅನ್ನು. ನನ್ನ ಮೇಲೆ ಸಿಟ್ಟಾದವಳ ಹಾಗೆ ಒಂದು ವರ್ಷ ಮಾತು ಬಿಡು, ಫೋನೂ ಎತ್ತಬೇಡ. ಇಲ್ಲದಿದ್ದರೆ ಯಾರೂ ನಂಬುವುದಿಲ್ಲ. ಓದಿದ ಕೂಡಲೇ ಈ ಕಾಗದ ಸುಟ್ಟುಬಿಡು. ವರ್ಷ ಬೇಡ, ಆರು ತಿಂಗಳು ಸಾಕು.